ಮೂರು ಊರಿನ ಒಂದನೇ ನಂಬರು

ಸಹಕಾರ ಶೀತಲಗೃಹ ಸಂಘದ ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಸಿರುಗುಪ್ಪದ ಕೋಲ್ಡ್ ಸ್ಟೋರೇಜಿನಲ್ಲಿ, ಬಾಗಿಲು ದಾಟಿದ ಕೂಡಲೇ ಎಡಗಡೆಯ ಗೋಡೆಗೆ ಒರಗಿಸಿಟ್ಟಿರುವ ಒಂದು ಚೀಲ ಒಣಮೆಣಸಿನಕಾಯಿ ಕುರುಗೋಡಿನ ಉಚ್ಚೆಂಗೆಮ್ಮನದು. ಅದು ಸಾರಿಗೆ ಹಾಕುವ ಕಾಯಿ ಅಲ್ಲ, ಬಿತ್ತುವ ಬೀಜದ ಕಾಯಿ. ಅದನ್ನು ಬರುವ ಸೋಮವಾರ ‘ವಾರಸುದಾರರಿಲ್ಲದ ಹೆಚ್ಚುವರಿ ದಾಸ್ತಾನು’ ಎಂದು ಹರಾಜು ಹಾಕುವುದಾಗಿ ನೋಟಿಸು ಅಂಟಿಸಿದ್ದೀರಿ. ವಾರಸುದಾರಳು ಬದುಕಿದ್ದಾಳೆ ಸ್ವಾಮಿ. ಗಟ್ಟಿಮುಟ್ಟಾಗಿಯೇ ಇದ್ದಾಳೆ. ಹೋದ ವಾರ ಬಳ್ಳಾರಿಯ ನಿಮ್ಮ ಕೇಂದ್ರ ಕಚೇರಿಯ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯತನಕ ಕೂತಿದ್ದಳು. ನೀವು ಊಟಕ್ಕೆ ಎದ್ದು ಹೋಗುವಾಗ ಆಕೆ ಸೆರಗು ಸರಿಮಾಡಿಕೊಂಡು ನಿಂತು ಕೈ ಮುಗಿದದ್ದು ನಿಮಗೆ ನೆನಪಿರಲಿಕ್ಕಿಲ್ಲ. ನೀವು ಫೋನಿನಲ್ಲಿದ್ದಿರಿ.

ಈ ಮಾತನ್ನು ಊರಿಗೆಲ್ಲ ಕೇಳುವಂತೆ ಹೇಳುವ ಹಂಬಲ ನನಗೇನೂ ಇರಲಿಲ್ಲ. ಮೊದಲು ನಿಮಗೇ ಪತ್ರ ಬರೆದೆ. ಉತ್ತರ ಬರಲಿಲ್ಲ. ಯಾಕೆಂದು ವಿಚಾರಿಸಿದರೆ ನಿಮ್ಮ ಟಪಾಲು ವಿಭಾಗದವರು, “ಆವಕ ಸಂಖ್ಯೆ ಬೀಳದ ಪತ್ರ ಸಾಹೇಬ್ರ ಟೇಬಲ್ಲಿಗೆ ಹೋಗಂಗಿಲ್ರಿ. ಆವಕ ಸಂಖ್ಯೆ ಕೊಡೋ ಸಾಫ್ಟ್‌ವೇರು ಅಪ್‌ಡೇಟ್ ಆಗಾಕತ್ತೈತಿ” ಎಂದರು. ಅಲ್ಲಿಗೆ ನನ್ನ ಪತ್ರವೂ ಉಚ್ಚೆಂಗೆಮ್ಮನ ಚೀಲವೂ ಒಂದೇ ಗೋಡೆಗೆ ಒರಗಿದಂತಾಯಿತು. ಪತ್ರಿಕೆಗೆ ಆವಕ ಸಂಖ್ಯೆ ಬೇಕಾಗುವುದಿಲ್ಲ. ಬೆಳಗಿನ ಚಹಾದ ಜೊತೆಗೆ ನೀವು ಪತ್ರಿಕೆಯನ್ನಾದರೂ ಓದುತ್ತೀರಿ ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯ ಪಾರ್ವತಿನಗರದವಳು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಮನೆಯಲ್ಲೇ ಕೆಂಪು ಹಿಂಡಿ ಎನ್ನುವ ಮೆಣಸಿನಕಾಯಿ ಚಟ್ನಿ, ಮೆಂತ್ಯದ ಹಿಟ್ಟು, ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ನಿಮ್ಮ ಸಂಘದ ಸದಸ್ಯಳೂ ಹೌದು. ನನ್ನ ಮೆಣಸಿನಕಾಯಿಯೂ ನಿಮ್ಮ ಬಳ್ಳಾರಿಯ ಸ್ಟೋರೇಜಿನಲ್ಲೇ ತಣ್ಣಗೆ ಕೂತಿರುತ್ತದೆ. ಆ ಮೆಣಸಿನಕಾಯಿ ಬೆಳೆದು ಕೊಡುವವಳು ಉಚ್ಚೆಂಗೆಮ್ಮ. ಮನೆಯ ಅಡುಗೆಗೆಂದು ಆಕೆಯಿಂದ ಕಾಯಿ ಕೊಳ್ಳಲು ಶುರುಮಾಡಿದಾಗ ನನ್ನ ಮಗಳು ವಿಭಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಈಗ ಆಕೆ ನನಗೆ ಗಿರಾಕಿಯ ಲೆಕ್ಕದಲ್ಲಿ ಕಾಯಿ ಕೊಡುತ್ತಾಳೋ ಅಕ್ಕನ ಲೆಕ್ಕದಲ್ಲಿ ಕೊಡುತ್ತಾಳೋ ನಮ್ಮಿಬ್ಬರಿಗೂ ತಿಳಿಯದು. ದೀಪಾವಳಿಗೆ ನಾನು ಕಳಿಸುವ ಹೋಳಿಗೆ ಆಕೆಯ ಮನೆಗೆ ಮೊದಲು ಹೋಗುತ್ತದೆ, ನನ್ನ ನಾದಿನಿಯ ಮನೆಗೆ ಆಮೇಲೆ.

ಆ ಕಾಯಿಯ ವಿಷಯ ನಿಮಗೆ ಹೇಳಲೇಬೇಕು. ಯಾಕೆಂದರೆ ನಿಮ್ಮ ಪ್ರಕಾರ ಮೆಣಸಿನಕಾಯಿ ಎಂದರೆ ಮೆಣಸಿನಕಾಯಿ. ಉಚ್ಚೆಂಗೆಮ್ಮ ಅದಕ್ಕೆ ‘ಗಿಡ್ಡಿ’ ಎನ್ನುತ್ತಾಳೆ. ಗಿಡ ಮೊಣಕಾಲೆತ್ತರ, ಕಾಯಿ ದಪ್ಪ ಮತ್ತು ಮೊಂಡು, ಬಣ್ಣ ಕಡುಕೆಂಪು, ಖಾರ ನಾಲಿಗೆಯನ್ನು ಸುಡದೆ ನಿಧಾನವಾಗಿ ಏರುವಂಥದ್ದು. ಅವರ ತವರಿನಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುವ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬಿನ ಜೊತೆಗೆ ಒಂದು ಹಿಡಿ ಬೀಜದ ಮೆಣಸಿನಕಾಯಿಯನ್ನೂ ಹಾಕುತ್ತಾರಂತೆ. ಉಚ್ಚೆಂಗೆಮ್ಮನ ಅವ್ವ ಈಕೆಯ ಉಡಿಗೆ ಹಾಕಿದ್ದು ಅದೇ ಬೀಜ. ಆಮೇಲೆ ತವರಿನ ಹೊಲಕ್ಕೂ ಅಕ್ಕಪಕ್ಕದ ಹೊಲಗಳಿಗೂ ಕಂಪನಿಯ ಹೈಬ್ರಿಡ್ ಬಂತು. ಇಳುವರಿ ಹೆಚ್ಚು, ಬೀಜ ಮಾತ್ರ ಪ್ರತಿ ವರ್ಷ ಅಂಗಡಿಯಿಂದಲೇ ತರಬೇಕು. ತವರಿನಲ್ಲಿ ಗಿಡ್ಡಿ ನಿಂತೇಹೋಯಿತು. ಉಚ್ಚೆಂಗೆಮ್ಮನ ಮಕ್ಕಳೂ ಹೊಲದ ತುಂಬ ಹೈಬ್ರಿಡ್ಡೇ ಹಾಕುತ್ತಾರೆ, ಆದರೆ ಬಾವಿಯ ಕಡೆಯ ಒಂದು ಪಟ್ಟಿಯನ್ನು ಅವ್ವನಿಗೆ ಬಿಟ್ಟಿದ್ದಾರೆ. ಗಿಡ್ಡಿ ಈಗ ಉಳಿದಿರುವುದು ಆ ಪಟ್ಟಿಯಲ್ಲಿ ಮಾತ್ರ.

ಅಷ್ಟು ಅಮೂಲ್ಯವಾದ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳಬಾರದಿತ್ತೇ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರು ಬಹಳ ಜಾಣತನದಿಂದ ಕೇಳಿದರು. ಇಟ್ಟುಕೊಂಡಿದ್ದಳು. ಹೋದ ವರ್ಷ ನಮ್ಮ ಬಿಸಿಲಿಗೆ, ಆಮೇಲೆ ಬಂದ ಹುಳಕ್ಕೆ ಅರ್ಧ ಬೀಜ ಸತ್ತು ಸಸಿಮಡಿಯ ಅರ್ಧದಲ್ಲಿ ಮೊಳಕೆಯೇ ಏಳಲಿಲ್ಲ. ಉಚ್ಚೆಂಗೆಮ್ಮ ಹೆದರಿಹೋದಳು. ಅದೇ ಹೊತ್ತಿಗೆ ನಿಮ್ಮ ಸಂಘದ ಜೀಪು ಕುರುಗೋಡಿನ ಸಂತೆಯಲ್ಲಿ ಮೈಕು ಕಟ್ಟಿಕೊಂಡು ಸುತ್ತುತ್ತಿತ್ತು. ‘ನಿಮ್ಮ ಬೀಜ ನಮ್ಮ ಹೊಣೆ’ ಎಂದು ಕೂಗಿ ಹೇಳಿದವರು ನೀವು. ನಂಬಿದವಳು ಆಕೆ. ಈ ಸಲ ನನಗೂ ಕೊಡದೆ, ಇದ್ದ ಗಿಡ್ಡಿಯನ್ನೆಲ್ಲ ಬೀಜಕ್ಕೆಂದು ಮೂರು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಕುರುಗೋಡಿನ ನಿಮ್ಮ ಸ್ಟೋರೇಜಿನಲ್ಲಿ ಇಟ್ಟಳು. ನಿಮ್ಮನ್ನು ನಂಬಿದ್ದು ತಪ್ಪು ಎನ್ನುವುದಾದರೆ ದಯವಿಟ್ಟು ಅದನ್ನೂ ಮೈಕಿನಲ್ಲೇ ಹೇಳಿಬಿಡಿ.

ಇನ್ನು ನಂಬರಿನ ಕಥೆಗೆ ಬರುತ್ತೇನೆ. ಮೊದಲು ನಿಮ್ಮ ಮೂರು ಸ್ಟೋರೇಜುಗಳಲ್ಲೂ ಚೀಲದ ಮೇಲೆ ಬಣ್ಣದಲ್ಲಿ ಊರು, ಹೆಸರು ಬರೆಯುತ್ತಿದ್ದರು. ಅಕ್ಷರಗಳು ವಕ್ರವಾಗಿರುತ್ತಿದ್ದವು, ಬಣ್ಣ ಸೋರುತ್ತಿತ್ತು, ಕುರುಗೋಡಿನ ‘ಕು’ ಒಮ್ಮೊಮ್ಮೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿತ್ತು. ಆದರೂ ಒಬ್ಬರ ಚೀಲ ಇನ್ನೊಬ್ಬರ ಮನೆಗೆ ಹೋದದ್ದನ್ನು ನಾನು ಕೇಳಿಲ್ಲ. ಆಮೇಲೆ ನೀವು ಬಂದಿರಿ, ಸಾಫ್ಟ್‌ವೇರು ಬಂತು. ಇನ್ನು ಮೇಲೆ ಮಾಲಿಗೆ ನಂಬರನ್ನು ಅದೇ ತಾನಾಗಿ ಕೊಡುತ್ತದೆ, ಮನುಷ್ಯರು ತಲೆ ಓಡಿಸಬೇಕಾಗಿಲ್ಲ ಎಂದಿರಿ. ಆ ಕೊನೆಯ ಮಾತನ್ನು ನಿಮ್ಮ ಕಚೇರಿ ಶಿರಸಾವಹಿಸಿ ಪಾಲಿಸುತ್ತಿದೆ.

ನಾನು ಯಂತ್ರದ ವೈರಿಯಲ್ಲ. ನನ್ನ ಅಡುಗೆಮನೆಯ ವ್ಯಾಪಾರಕ್ಕೂ ವಿಭಾ ಇಂಥದ್ದೇ ಒಂದು ಸಾಫ್ಟ್‌ವೇರು ಹಾಕಿಕೊಟ್ಟಿದ್ದಾಳೆ. ತಾನಾಗಿ ನಂಬರು ಕೊಡುವುದು ನಿಜ, ಆದರೆ ಹೇಗೆ ಕೊಡಬೇಕೆಂದು ಮೊದಲು ನಾವು ಅದಕ್ಕೆ ಹೇಳಬೇಕು. ಒಲೆಯ ಮೇಲೆ ಒಗ್ಗರಣೆ ಇಟ್ಟುಕೊಂಡೇ ನಾನು ಅವಳ ಪ್ರಶ್ನೆಗಳಿಗೆ ಉತ್ತರ ಕೊಟ್ಟೆ. “ಅಮ್ಮಾ, ಹಿಂಡಿಗೂ ಉಪ್ಪಿನಕಾಯಿಗೂ ಒಂದೇ ಎಣಿಕೆ ಸಾಕೋ, ಬ್ಯಾರೆ ಬ್ಯಾರೆ ಬೇಕೋ?” ಎಂದು ಕೇಳಿದಳು. ಬೇರೆ ಎಂದೆ. “ಹಂಗಾದ್ರ ನಂಬರಿನ ಮುಂದ ಒಂದು ಗುರುತು ಬೇಕು. ಇಲ್ಲಾಂದ್ರ ಎರಡೂ ಒಂದರಿಂದ ಶುರುವಾಗಿ ಗುದ್ದಾಡ್ತಾವ” ಎಂದಳು. ಹಿಂಡಿಗೆ ‘ಹಿಂ’, ಉಪ್ಪಿನಕಾಯಿಗೆ ‘ಉ’ ಎಂದು ಹಾಕಿಸಿದೆ. ಎಲ್ಲಿಂದ ಶುರು, ಎಷ್ಟು ಅಂಕಿ, ವರ್ಷದ ಗುರುತು ಬೇಕೇ, ಹೊಸ ವರ್ಷಕ್ಕೆ ಮತ್ತೆ ಒಂದರಿಂದಲೇ ಎಂದು ಸಾಫ್ಟ್‌ವೇರು ಎಲ್ಲವನ್ನೂ ಕೇಳಿತು. ಸಾಸಿವೆ ಸಿಡಿದು ಮುಗಿಯುವುದರೊಳಗೆ ನಮ್ಮ ಕೆಲಸ ಮುಗಿದಿತ್ತು. ಒಂದು ಸಹಕಾರ ಸಂಘಕ್ಕೆ, ಅದರ ಆಡಳಿತಾಧಿಕಾರಿಗೆ, ಅವರ ತಾಂತ್ರಿಕ ಸಲಹಾ ಸಮಿತಿಗೆ ಈ ಒಗ್ಗರಣೆಯಷ್ಟು ಪುರುಸೊತ್ತು ಸಿಗಲಿಲ್ಲವೇ?

ಸಿಕ್ಕಿತ್ತು ಎಂಬುದಕ್ಕೆ ನಾನೇ ಸಾಕ್ಷಿ. ಸಂಘದ ಮಹಾಸಭೆಯಲ್ಲಿ ನಾನಿದ್ದೆ. ಸಾಫ್ಟ್‌ವೇರು ಕಂಪನಿಯಿಂದ ಬಂದಿದ್ದ ಸತ್ಯಾತ್ಮ ಎಂಬ ಹುಡುಗ ಪರದೆಯ ಮೇಲೆ ತೋರಿಸುತ್ತ, “ಸರ್, ಮೂರೂ ಊರಿಗೆ ಎಣಿಕೆ ಬ್ಯಾರೆ ಬ್ಯಾರೆ ನಡೀತೈತಿ. ನಂಬರಿನ ಮುಂದ ಊರಿನ ಅಕ್ಷರ ಹಾಕೋದು ಚಲೋ” ಎಂದು ಮರ್ಯಾದೆಯಿಂದಲೇ ಹೇಳಿದ. ನೀವು ಮೈಕು ತೆಗೆದುಕೊಂಡಿರಿ. “ಬಳ್ಳಾರಿ ಬೇರೆ, ಸಿರುಗುಪ್ಪ ಬೇರೆ, ಕುರುಗೋಡು ಬೇರೆ ಎಂಬ ಭಾವನೆಯೇ ನಮ್ಮ ಸಂಘದಲ್ಲಿ ಇರಕೂಡದು. ನಾವೆಲ್ಲ ಒಂದೇ. ನಂಬರು ಚಿಕ್ಕದಾಗಿರಲಿ, ಚೊಕ್ಕವಾಗಿರಲಿ” ಎಂದಿರಿ. ಚಪ್ಪಾಳೆ ಬಿತ್ತು. ಒಳ್ಳೆಯ ಭಾಷಣವೇ. ಆದರೆ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಎಲ್ಲ ಬಸ್ಸಿಗೂ ಐಕ್ಯತೆಯ ಸಲುವಾಗಿ ಬರೀ ‘ಬಸ್ಸು’ ಎಂದು ಬೋರ್ಡು ಹಾಕಿದರೆ ತಾವು ಯಾವುದನ್ನು ಹತ್ತುತ್ತೀರಿ? ಹುಡುಗ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶಾಲು ಹೊದಿಸುವ ಕಾರ್ಯಕ್ರಮ ಶುರುವಾಗಿತ್ತು.

ಹೀಗಾಗಿ ಏಪ್ರಿಲ್ ಒಂದನೇ ತಾರೀಖು ಹೊಸ ಲೆಕ್ಕದ ವರ್ಷ ಶುರುವಾದಾಗ ನಿಮ್ಮ ಮೂರು ಸ್ಟೋರೇಜುಗಳಲ್ಲೂ ಮೂರು ಒಂದನೇ ನಂಬರುಗಳು ಹುಟ್ಟಿದವು. ಕುರುಗೋಡಿನ ಒಂದನೇ ನಂಬರು ಉಚ್ಚೆಂಗೆಮ್ಮನದು. ಅದೂ ಅಕಸ್ಮಾತ್ತಲ್ಲ. ಆಕೆಯ ಕೈಗುಣ ಚೆನ್ನಾಗಿದೆ ಎಂದು ಅಲ್ಲಿನ ಹಮಾಲರ ನಂಬಿಕೆ. ಆಕೆಯ ಚೀಲ ಮೊದಲು ಒಳಗೆ ಹೋದರೆ ಆ ವರ್ಷ ಮಾಲು ಕೆಡುವುದಿಲ್ಲವಂತೆ. ಹಮಾಲರ ಮೇಸ್ತ್ರಿ ಗಾದಿಲಿಂಗ ತಾನೇ ಮನೆಗೆ ಹೋಗಿ, “ಅವ್ವಾ, ಹೊಸ ವರ್ಷದ ಮೊದಲನೇ ಮಾಲು ನಿಂದ ಆಗ್ಬೇಕು” ಎಂದು ಕರೆದು ಬಂದಿದ್ದ. ತೆಂಗಿನಕಾಯಿ ಒಡೆದು, ಚೀಲಕ್ಕೆ ಕುಂಕುಮ ಹಚ್ಚಿ ಒಳಗಿಟ್ಟರು. ನಮ್ಮ ಕಡೆ ಕಣದಲ್ಲಿ ಕಾಳು ಅಳೆಯುವಾಗ, ಚೀಲ ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಹೋಗುತ್ತದೆ. ಸಿರುಗುಪ್ಪದಲ್ಲಿ ತೆಲುಗಿನಲ್ಲಿ ಎಣಿಸುವ ಹಮಾಲರೂ ಲಾಭಂ, ರೆಂಡು, ಮೂಡು ಎಂದೇ ಎಣಿಸುತ್ತಾರೆ. ಗಾದಿಲಿಂಗ ಆಕೆಯ ಮೂರೂ ಚೀಲಕ್ಕೆ ಕಟ್ಟಿದ ಗುರುತಿನ ಪಟ್ಟಿಯ ಮೇಲೆ ಅಂಕಿ ಬರೆಯುವ ಬದಲು ‘ಲಾಭ’ ಎಂದು ಬರೆದ. ಅದೇ ದಿನ ಸಿರುಗುಪ್ಪದಲ್ಲಿ ಒಬ್ಬ ವ್ಯಾಪಾರಿಯ ಹೈಬ್ರಿಡ್ ಮೆಣಸಿನಕಾಯಿ ಒಂದನೇ ನಂಬರಾಗಿ ಒಳಗೆ ಹೋಯಿತು. ಅಲ್ಲಿಯ ಹಮಾಲರೂ ಪಟ್ಟಿಯ ಮೇಲೆ ‘ಲಾಭ’ ಎಂದೇ ಬರೆದರು.

ಎರಡು ಊರಿನ ಎರಡು ಲಾಭಗಳು ತಮ್ಮ ತಮ್ಮ ಊರಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮೇ ತಿಂಗಳಲ್ಲಿ ಕುರುಗೋಡಿನ ಸ್ಟೋರೇಜಿನ ತಂಪು ಮಾಡುವ ಯಂತ್ರ ಕೆಟ್ಟಿತು. ನೀವು ಮಾಲನ್ನೆಲ್ಲ ಲಾರಿಗೆ ಹೇರಿಸಿ ಸಿರುಗುಪ್ಪಕ್ಕೆ ಸಾಗಿಸಿದಿರಿ. ಆ ಬಿಸಿಲಿನಲ್ಲಿ ಅದು ಸರಿಯಾದ ನಿರ್ಧಾರವೇ, ಒಪ್ಪುತ್ತೇನೆ. ಸಿರುಗುಪ್ಪದ ಗುಮಾಸ್ತ ಹುಲುಗೇಶ ಬಂದ ಮಾಲನ್ನು ಕಂಪ್ಯೂಟರಿಗೆ ಏರಿಸಲು ಕೂತ. ಒಂದನೇ ನಂಬರು ಹಾಕಿದ ಕೂಡಲೇ ಅದು ‘ಈ ನಂಬರು ಈಗಾಗಲೇ ಇದೆ, ಇದರಲ್ಲೇ ಸೇರಿಸಬೇಕೇ?’ ಎಂದು ಕೇಳಿತಂತೆ. ಹುಲುಗೇಶ ಬಳ್ಳಾರಿಯ ನಿಮ್ಮ ಕಚೇರಿಗೆ ಫೋನು ಮಾಡಿದ. “ಸೇರಿಸು, ಎಲ್ಲ ನಮ್ಮದೇ ಅಲ್ಲೇನು” ಎಂಬ ಅಪ್ಪಣೆ ಆಯಿತು. ಆತ ಸೇರಿಸಿದ. ಆಗ ಸಾಫ್ಟ್‌ವೇರು ಮೊದಲಿನ ಹೆಸರನ್ನೂ ಮೊದಲಿನ ಚೀಲದ ಲೆಕ್ಕವನ್ನೂ ಉಳಿಸಿಕೊಂಡು ಎರಡನೆಯದನ್ನು ನುಂಗಿತು. ಉಚ್ಚೆಂಗೆಮ್ಮ ಎಂಬ ಹೆಸರು ನಿಮ್ಮ ದಾಖಲೆಯಿಂದ ಅಳಿದುಹೋದದ್ದು ಹೀಗೆ.

ಕುರುಗೋಡಿನ ಉಳಿದವರ ಮಾಲೂ ಹೀಗೇ ಬೆರೆಯಿತು. ಅವರ ಕಾಯಿ ಹೈಬ್ರಿಡ್, ಮಾರಲಿಕ್ಕೆ ಇಟ್ಟದ್ದು. ಅವರು ಬಂದು ಕೂಗಾಡಿದಾಗ ತೂಕಕ್ಕೆ ತೂಕ ಹೊಂದಿಸಿ ಕೊಟ್ಟು ಕಳಿಸಿದಿರಿ, ಅವರೂ ಸುಮ್ಮನಾದರು. ಆದ್ದರಿಂದಲೇ ನಿಮಗೆ ಇದು ಬಗೆಹರಿದ ಸಮಸ್ಯೆಯಂತೆ ಕಾಣುತ್ತದೆ. ಅಷ್ಟರಲ್ಲಿ ಸಿರುಗುಪ್ಪದ ಆ ವ್ಯಾಪಾರಿಯ ಲಾರಿ ಬಂತು. ಹಮಾಲರು ಲಾಭ ಎಂಬ ಪಟ್ಟಿಯಿದ್ದ ಚೀಲಗಳನ್ನು ಲೆಕ್ಕ ತುಂಬುವವರೆಗೆ ಹೇರಿದರು. ಉಚ್ಚೆಂಗೆಮ್ಮನ ಎರಡು ಚೀಲಗಳು ಅದರೊಳಗೆ ಹೋದವು, ಅವನವೇ ಎರಡು ಒಳಗೆ ಉಳಿದವು. ಅವನಿಗೇನೂ ನಷ್ಟವಿಲ್ಲ, ಸಹಿ ಹಾಕಿ ಹೋದ. ಕಂಪ್ಯೂಟರಿನಲ್ಲಿ ಒಂದನೇ ನಂಬರು ‘ಮುಕ್ತಾಯ’ ಎಂದಾಯಿತು. ನಾನು ಆ ವ್ಯಾಪಾರಿಯನ್ನು ಹುಡುಕಿಕೊಂಡು ಹೋದೆ. ಒಳ್ಳೆಯ ಮನುಷ್ಯ, ತಲೆ ತಗ್ಗಿಸಿ, “ಗಿರಣಿಗೆ ಹಾಕಿಬಿಟ್ವಮ್ಮ, ಪುಡಿ ಆಗಿ ಮಾರಾಟನೂ ಆತು. ಬಣ್ಣ ಈ ಸಲ ಭಾಳ ಚಲೋ ಬಂದೈತಿ ಅಂತ ಗಿರಾಕಿ ಅಂದ್ರು” ಎಂದ. ಬಣ್ಣ ಎಲ್ಲಿಂದ ಬಂತೆಂದು ಅವನಿಗೆ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡ.

ಮಳೆಗಾಲಕ್ಕೆ ಸಸಿಮಡಿ ಹಾಕುವ ಹೊತ್ತು ಬಂತೆಂದು ಉಚ್ಚೆಂಗೆಮ್ಮ ಬೀಜ ಬಿಡಿಸಿಕೊಳ್ಳಲು ಸಿರುಗುಪ್ಪಕ್ಕೆ ಹೋದಾಗಲೇ ನಮಗೆ ಇದೆಲ್ಲ ಗೊತ್ತಾದದ್ದು. ಜೊತೆಗೆ ನಾನಿದ್ದೆ. ಆಕೆ ಸೊಂಟದ ಚೀಲದಿಂದ ಚೀಟಿ ತೆಗೆದುಕೊಟ್ಟಳು. ಅದರಲ್ಲಿ ಸಂಘದ ಹೆಸರಿದೆ, ತಾರೀಖಿದೆ, ನಂಬರಿದೆ, ಊರಿಲ್ಲ. ಹುಲುಗೇಶ ಒತ್ತಿ ನೋಡಿದ, ಇನ್ನೊಮ್ಮೆ ಒತ್ತಿ ನೋಡಿದ.

“ಅವ್ವಾ, ಒಂದನೇ ನಂಬರ್ ಮಾಲು ಹೋಗೈತಲ್ಲ. ಖಾಲಿ ಅಂತ ತೋರಸಾಕತ್ತೈತಿ.”

“ಯಾರು ಒಯ್ದರಪ್ಪ? ನಾನು ಇಲ್ಲೇ ನಿಂತೀನಲ್ಲ?”

ಹುಲುಗೇಶ ಕೆಟ್ಟವನಲ್ಲ. ಬಾಗಿಲು ತೆಗೆದು ನಮ್ಮನ್ನು ಒಳಗೆ ಕರೆದುಕೊಂಡು ಹೋದ. ಹೊರಗಿನ ಸೆಕೆಯಿಂದ ಒಮ್ಮೆಲೇ ಆ ಚಳಿಗೆ ಹೋಗಿ ನನ್ನ ಹಲ್ಲು ಕಟಕಟ ಎಂದವು. ಉಚ್ಚೆಂಗೆಮ್ಮನಿಗೆ ಚಳಿಯ ಪರಿವೆ ಇರಲಿಲ್ಲ. ಗೋಡೆಗೆ ಒರಗಿದ್ದ ಮೂರು ಚೀಲಗಳಲ್ಲಿ ಒಂದರ ಬಾಯಿಯನ್ನು ಹಸಿರು ಇಳಕಲ್ ಸೀರೆಯ ಅಂಚಿನಿಂದ ಹೊಲಿಯಲಾಗಿತ್ತು. ಆ ಸೀರೆಯ ಇನ್ನೊಂದು ತುಂಡು ಆಕೆಯ ಕೈಚೀಲದ ಹಿಡಿಕೆಯಾಗಿ ಆಗಲೂ ಆಕೆಯ ಕೈಯಲ್ಲೇ ಇತ್ತು. ಆಕೆ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಮೇಲೆ ಕೈಯಿಟ್ಟಳು. “ಇಲ್ಲಿ ಅದಿಯೇನ ಯವ್ವಾ” ಎಂದಳು. ಹುಲುಗೇಶ ಬೇರೆ ಕಡೆಗೆ ನೋಡಿದ.

“ಕೊಡಪ್ಪ, ನಾನ ಹೊತ್ತುಕೊಂಡು ಹೋಗ್ತೀನಿ.”

“ಗೇಟ್ ಪಾಸ್ ಬರಂಗಿಲ್ಲವ್ವ. ನಂಬರ್ ಹಾಕಿದ್ರ ಖಾಲಿ ಅಂತೈತಿ. ನಂಬರ್ ಹಾಕದಿದ್ರ ಪಾಸ್ ಪ್ರಿಂಟ್ ಆಗಂಗಿಲ್ಲ. ಪಾಸ್ ಇಲ್ದ ಬಿಟ್ರ ನನ್ನ ನೌಕರಿ ಹೋಗ್ತೈತಿ.”

“ಕಣ್ಣಿಗೆ ಕಾಣಾಕತ್ತೈತಲ್ಲೋ ತಮ್ಮಾ.”

“ಕಾಣತೈತವ್ವ. ಆದ್ರ ಸಿಸ್ಟಮ್‌ನಾಗ ಇಲ್ಲ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ಅವತ್ತು ಕಣ್ಣಾರೆ ಕಂಡೆ. ಬಸ್ಸಿನಲ್ಲಿ ವಾಪಸು ಬಂದೆವು. ಇಳಿಯುವಾಗ ಉಚ್ಚೆಂಗೆಮ್ಮ, “ಒಂದು ಚೀಲ ಸಾಕ್ರಿ ಅಕ್ಕಾರ. ಒಂದು ಹಿಡಿ ಇದ್ರೂ ಸಾಕು, ಮತ್ತ ಮಾಡ್ಕೊಂತೀನಿ” ಎಂದಳು.

ಆಮೇಲೆ ನಿಮ್ಮ ಕಚೇರಿಗೆ ಬಂದೆವು. ಬೆಂಚಿನ ವಿಷಯ ಆಗಲೇ ಹೇಳಿದೆ. ಸಂಜೆ ನೀವು ಒಳಗೆ ಕರೆದಿರಿ. ತಾಳ್ಮೆಯಿಂದ ಕೇಳಿದಿರಿ ಕೂಡ, ಅದನ್ನು ಮರೆಯುವುದಿಲ್ಲ. ಕೇಳಿದ ಮೇಲೆ, “ತೂಕಕ್ಕೆ ತೂಕ ಬೇರೆ ಮೆಣಸಿನಕಾಯಿ ಕೊಡಿಸುತ್ತೇನೆ, ಬೇಕಾದರೆ ಇದಕ್ಕಿಂತ ಮೇಲಿನ ದರ್ಜೆಯದು. ಇನ್ನೇನು ಬೇಕು?” ಎಂದಿರಿ. ಉಚ್ಚೆಂಗೆಮ್ಮ, “ಸಾಹೇಬ್ರ, ಅದನ್ನ ಬಿತ್ತಿದ್ರ ಗಿಡ್ಡಿ ಹುಟ್ಟಂಗಿಲ್ರಿ” ಎಂದಳು. “ಮೆಣಸಿನಕಾಯಿ ಮೆಣಸಿನಕಾಯೇ ಅಲ್ಲವೇನಮ್ಮ?” ಎಂದು ನಕ್ಕಿರಿ. ಸ್ವಾಮಿ, ತಮ್ಮ ಮಕ್ಕಳನ್ನು ಶಾಲೆಯಿಂದ ಕರೆತರಲು ಹೋದಾಗ ತರಗತಿಯ ಗುರುಗಳು ಅದೇ ಎತ್ತರದ, ಅದೇ ತೂಕದ, ಇನ್ನೂ ಹೆಚ್ಚು ಅಂಕ ತೆಗೆಯುವ ಬೇರೆ ಮಗುವಿನ ಕೈ ಹಿಡಿಸಿ ಕಳಿಸಿದರೆ ತಾವು ರಸೀದಿಗೆ ಸಹಿ ಹಾಕಿ ಬರುತ್ತೀರಾ? ಮಾತು ಒರಟಾಯಿತು. ಆದರೆ ಆ ಹೆಂಗಸಿನ ಮುಖ ನೀವು ನೋಡಲಿಲ್ಲ, ನಾನು ನೋಡಿದೆ.

ನಂತರ ನೀವು ಹಮಾಲರ ಕಡೆಗೆ ತಿರುಗಿದಿರಿ. ಅಂಕಿ ಬರೆಯುವ ಕಡೆ ‘ಲಾಭ’ ಎಂದು ಬರೆದದ್ದೇ ಎಲ್ಲ ಅನಾಹುತಕ್ಕೆ ಮೂಲ, ಸಾಫ್ಟ್‌ವೇರಿನದೇನೂ ತಪ್ಪಿಲ್ಲ ಎಂದಿರಿ. ಗಾದಿಲಿಂಗನಿಗೆ ಕಾರಣ ಕೇಳಿ ನೋಟಿಸನ್ನೂ ಕೊಟ್ಟಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಪದ್ಧತಿಯ ಪರವಾಗಿ ವಕೀಲಿಕೆ ಮಾಡಲು ನಾನು ಬಂದಿಲ್ಲ. ಗಣಿತ ಕಲಿಸಿದವಳಾಗಿ ನನಗೂ ಪಟ್ಟಿಯ ಮೇಲೆ ಅಂಕಿಯೇ ಇದ್ದರೆ ಸಮಾಧಾನ. ಬಾಯಲ್ಲಿ ಲಾಭ ಎಂದುಕೊಂಡು ಕೈಯಲ್ಲಿ ಒಂದು ಎಂದು ಬರೆಯಿರಿ ಎಂದು ಗಾದಿಲಿಂಗನಿಗೆ ನಾನೇ ಹೇಳಿದ್ದೇನೆ, ಆತ ಒಪ್ಪಿದ್ದಾನೆ ಕೂಡ. ಆದರೆ ಅವರು ಎರಡೂ ಊರಲ್ಲಿ ಮುದ್ದಾದ ಅಕ್ಷರದಲ್ಲಿ 1 ಎಂದೇ ಬರೆದಿದ್ದರೆ ಏನಾಗುತ್ತಿತ್ತು? ಒಂದೇ ಕೋಣೆಯಲ್ಲಿ ಎರಡು ಲಾಭಗಳ ಬದಲು ಎರಡು ಒಂದುಗಳು ಇರುತ್ತಿದ್ದವು. ಕಂಪ್ಯೂಟರು ಆಗಲೂ ಅದೇ ಪ್ರಶ್ನೆ ಕೇಳುತ್ತಿತ್ತು, ನಿಮ್ಮ ಕಚೇರಿ ಆಗಲೂ ಅದೇ ಉತ್ತರ ಕೊಡುತ್ತಿತ್ತು. ಉಳಿದ ಮಾಲಿನ ಪಟ್ಟಿಗಳ ಮೇಲೆಲ್ಲ ಅಂಕಿಯೇ ಇತ್ತಲ್ಲ, ಅವು ಬೆರೆಯದೆ ಉಳಿದವೇ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಹಾಸಿದವರೂ ನೀವೇ.

ಎಣಿಕೆಯ ಮೊದಲ ಪಾಠ ಏನೆಂದು ನಾನು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೇನೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸಲಿಕ್ಕೆ ಸಂಖ್ಯೆ ಇರುವುದು. ಎರಡು ವಸ್ತುವಿಗೆ ಒಂದೇ ಗುರುತು ಕೊಟ್ಟ ಮೇಲೆ ಅದನ್ನು ಯಂತ್ರ ಕೊಟ್ಟರೇನು, ಕೈಯಿಂದ ಬರೆದರೇನು? ಯಂತ್ರ ತಾನಾಗಿ ನಂಬರು ಕೊಡುತ್ತದೆ ಎಂದಾಗ ನಮ್ಮ ಅಧಿಕಾರಿಗಳಿಗೆ ಒಂದು ಭ್ರಮೆ ಹುಟ್ಟುತ್ತದೆ. ಅದು ತಾನಾಗಿ ಯೋಚನೆಯನ್ನೂ ಮಾಡುತ್ತದೆ ಎಂದುಕೊಂಡುಬಿಡುತ್ತಾರೆ. ಅದು ಪಾಪ, ಅನುಮಾನ ಬಂದಾಗ ಕೇಳಿತು. ‘ಸೇರಿಸಬೇಕೇ?’ ಎಂದು ಬಾಯಿಬಿಟ್ಟು ಕೇಳಿತು. ಕೇಳಿಸಿಕೊಂಡವರು ಮನುಷ್ಯರು, ಒಂದು ಕ್ಷಣ ಯೋಚಿಸದೆ ಹೂಂ ಎಂದವರೂ ಮನುಷ್ಯರು. ನನಗೆ ಹೆದರಿಕೆ ಆಗುವುದು ಇದಕ್ಕೇ. ಇವತ್ತು ಮೆಣಸಿನಕಾಯಿ. ನಾಳೆ ಇದೇ ರೀತಿ ಸೆಟ್ಟಿಂಗ್ ಮಾಡಿದ ನಂಬರು ಯಾರದೋ ರಕ್ತದ ಬಾಟಲಿಯ ಮೇಲೆ, ಯಾರದೋ ಪಿಂಚಣಿಯ ಮೇಲೆ ಬಿದ್ದರೆ ಅಲ್ಲಿಯೂ ತೂಕಕ್ಕೆ ತೂಕ ಕೊಡುತ್ತಾರೆಯೇ?

ಹರಾಜಿನ ನೋಟಿಸನ್ನು ಪೂರ್ತಿ ಓದಿದ್ದೇನೆ. ಉಚ್ಚೆಂಗೆಮ್ಮ ತನ್ನ ಬೀಜವನ್ನು ತಾನೇ ಕೂಗಿ ಕೊಳ್ಳಲಿ ಎಂದು ನಿಮ್ಮಲ್ಲೊಬ್ಬರು ಉಪಾಯ ಹೇಳಿದ್ದರು. ಅವಮಾನ ನುಂಗಿಕೊಂಡು ಅದಕ್ಕೂ ಆಕೆ ತಯಾರಾದಳು. ಆದರೆ ಹರಾಜಿನಲ್ಲಿ ಕೂಗುವವರು ನೋಂದಾಯಿತ ವ್ಯಾಪಾರಿಗಳಾಗಿರಬೇಕಂತೆ. ಬೆಳೆದವಳಿಗೆ ಅಲ್ಲಿ ಜಾಗವಿಲ್ಲ. ಯಾರಾದರೂ ವ್ಯಾಪಾರಿ ಕೊಂಡರೆ ಆ ಚೀಲ ಎಲ್ಲಿಗೆ ಹೋಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಗಿರಣಿಗೆ ಹೋಗುತ್ತದೆ. ಒಂದು ಗಳಿಗೆಯಲ್ಲಿ ಪುಡಿಯಾಗುತ್ತದೆ. ಅಷ್ಟರ ಮೇಲೆ ಗಿಡ್ಡಿ ಎಂಬ ಮೆಣಸಿನಕಾಯಿ ಈ ಕುರುಗೋಡಿನಲ್ಲಿ ಇತ್ತು ಎಂದು ಹೇಳಲಿಕ್ಕೆ ನನ್ನ ಅಡುಗೆಮನೆಯಲ್ಲಿ ಹೋದ ವರ್ಷದ ಅರ್ಧ ಬಾಟಲಿ ಹಿಂಡಿ ಉಳಿಯುತ್ತದೆ, ಅಷ್ಟೇ.

ಆದ್ದರಿಂದ ಕೇಳುತ್ತಿದ್ದೇನೆ, ಮುಚ್ಚುಮರೆಯಿಲ್ಲದೆ ಕೇಳುತ್ತಿದ್ದೇನೆ. ಹಸಿರು ಅಂಚಿನಿಂದ ಬಾಯಿ ಹೊಲಿದ ಆ ಒಂದು ಚೀಲವನ್ನು ಸೋಮವಾರದ ಹರಾಜಿನಿಂದ ತೆಗೆಯಿರಿ. ಗೇಟ್ ಪಾಸಿಗೆ ನಂಬರು ಬೇಕೇ ಬೇಕೆಂದಿದ್ದರೆ ಹೊಸದೊಂದು ನಂಬರು ಹುಟ್ಟಿಸಿ. ಹುಟ್ಟಿಸಲು ಬಾರದಿದ್ದರೆ ಒಂದು ಬಿಳಿ ಹಾಳೆಯ ಮೇಲೆ ‘ಈ ಚೀಲ ಉಚ್ಚೆಂಗೆಮ್ಮನದು, ಬಿಡತಕ್ಕದ್ದು’ ಎಂದು ಕೈಯಿಂದ ಬರೆದು ಸಹಿ ಮಾಡಿ. ನಿಮ್ಮ ಸಹಿಗೆ ಅಷ್ಟು ಅಧಿಕಾರ ಇನ್ನೂ ಉಳಿದಿದೆ ಎಂದು ನಾನು ತಿಳಿದಿದ್ದೇನೆ. ಗಾದಿಲಿಂಗನಿಗೆ ಕೊಟ್ಟ ನೋಟಿಸು ವಾಪಸು ತೆಗೆದುಕೊಳ್ಳಿ. ಬರುವ ಹಂಗಾಮಿಗೆ ಮುಂಚೆ ಆ ಸತ್ಯಾತ್ಮನನ್ನು ಇನ್ನೊಮ್ಮೆ ಕರೆಸಿ, ಈ ಸಲ ಶಾಲು ಆಮೇಲೆ ಹೊದಿಸಿ, ಮೊದಲು ಅವನ ಮಾತು ಮುಗಿಯಲು ಬಿಡಿ. ಮೂರು ಊರಿಗೆ ಮೂರು ಅಕ್ಷರ ಹಾಕಿಸಿದರೆ ಸಂಘ ಒಡೆದುಹೋಗುವುದಿಲ್ಲ.

ನಿನ್ನೆ ಕುರುಗೋಡಿಗೆ ಹೋಗಿದ್ದೆ. ಬಾವಿಯ ಕಡೆಯ ಪಟ್ಟಿಯಲ್ಲಿ ಉಚ್ಚೆಂಗೆಮ್ಮ ಸಸಿಮಡಿ ಮಾಡಿದ್ದಾಳೆ. ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಮೇಲೆಲ್ಲ ಅಂಗೈಯಿಂದ ಸವರಿ ನುಣ್ಣಗೆ ಮಾಡಿದ್ದಾಳೆ. ಅದರಲ್ಲಿ ಏನೂ ಬಿತ್ತಿಲ್ಲ. ಬಿತ್ತಲು ಏನೂ ಇಲ್ಲ. ಆದರೂ ಆಕೆ ಕೊಡದಲ್ಲಿ ನೀರು ತಂದು, ಬೊಗಸೆಯಲ್ಲಿ ತುಂಬಿ, ಮಡಿಯ ತುಂಬ ಚಿಮುಕಿಸುತ್ತಿದ್ದಳು.

“ಖಾಲಿ ಮಡಿಗೆ ಯಾಕ ನೀರು ಹಾಕ್ತಿ ಉಚ್ಚೆಂಗೆಮ್ಮ?” ಎಂದೆ.

“ಸಾಹೇಬ್ರು ಬೀಜ ಕೊಟ್ಟ ದಿನ ನೆಲ ಒಣಗಿದ್ದರ ಹೆಂಗ್ರಿ ಅಕ್ಕಾರ?” ಎಂದಳು.

ನೀವು ಕೊಡದೇ ಇರಬಹುದು ಎಂಬುದು ಆಕೆಗೆ ಇನ್ನೂ ಹೊಳೆದಿಲ್ಲ. ನಾನು ಹೇಳಲೂ ಇಲ್ಲ. ಕೊಡವನ್ನು ಇನ್ನೊಮ್ಮೆ ತುಂಬಿಕೊಂಡು ಬರಲು ಆಕೆ ಬಾವಿಗೆ ಹೋದಳು, ನಾನು ಬಸ್ಸಿಗೆ ಬಂದೆ.

ಇಂತಿ,
ಆಕೆಗಿರುವಷ್ಟು ನಂಬಿಕೆ ನಿಮ್ಮ ಮೇಲೆ ಇಟ್ಟುಕೊಳ್ಳಲಾಗದ,
ಪದ್ಮಾಬಾಯಿ
ಪಾರ್ವತಿನಗರ, ಬಳ್ಳಾರಿ